ಸವೆದ ಡಾಲರ್‌ನ ತೂಕ

ಅಕ್ಟೋಬರ್ 3, ಗುರುವಾರ

ಬೆಳಗ್ಗೆ ನನ್ನ ನಾಣ್ಯದಂಗಡಿಗೆ ಬಂದವನು ಮೂವತ್ತು ಹಳೆಯ ಬೆಳ್ಳಿ ಡಾಲರ್ ತಂದಿದ್ದ. ಎಲ್ಲವನ್ನೂ ಟೂತ್‌ಪೇಸ್ಟ್ ಹಾಕಿ ತಿಕ್ಕಿದ್ದಾನೆ, ಪುಣ್ಯಾತ್ಮ. "ಕನ್ನಡಿ ಥರ ಮಾಡಿದೀನಿ ನೋಡಿ ಮೇಡಂ" ಅಂತ ಹೆಮ್ಮೆ ಬೇರೆ. ಬರೀ ಬೆಳ್ಳಿಯ ದರ ಸಿಗುತ್ತದೆ ಅಂದೆ. ಮುಖ ಹುಳ್ಳಗೆ ಮಾಡಿಕೊಂಡು ಹೋದ.

ಹಳೆಯ ಬೆಳ್ಳಿಗೆ ಅದರದೇ ಒಂದು ಚರ್ಮ ಇರುತ್ತದೆ. ಕಿತ್ತರೆ ಮತ್ತೆ ಬರುವುದಿಲ್ಲ. ವಾರಕ್ಕೆ ನಾಲ್ಕು ಜನಕ್ಕೆ ಹೇಳುತ್ತೇನೆ ಈ ಪಾಠ. ನಾನು ಕಲಿತದ್ದು ಹೇಗೆ ಅಂತ ಮಾತ್ರ ಯಾರಿಗೂ ಹೇಳಿಲ್ಲ.

ಚಳಿ ಶುರು. ಮೊಣಕಾಲು ನೋವು. ನಿನ್ನೆಯ ಬೀನ್ಸ್ ಸೂಪ್ ಉಳಿದಿದೆ.

ಅಕ್ಟೋಬರ್ 8, ಮಂಗಳವಾರ

ಹನ್ನೊಂದಕ್ಕೆ ಒಬ್ಬಳು ಬೂಟಿನ ಡಬ್ಬ ಹೊತ್ತು ಬಂದಳು. ಮೂವತ್ತೈದರ ಆಸುಪಾಸು.

"ಅಪ್ಪಂದು. ಇದಕ್ಕೆಲ್ಲಾ ಎಷ್ಟಾಗುತ್ತೆ ಅಂತ ಬರ್ಕೊಡ್ತೀರಾ? ಅವರಿಗೆ ಈಗ ಮರೆವು ಜಾಸ್ತಿ. ಗುಡ್ಡದ ಮೇಲಿನ ಆರೈಕೆ ಮನೇಲಿ ಇಟ್ಟಿದೀನಿ."

ಹೆಸರು ಬರೆದುಕೊಂಡೆ. ಕೆಂಡ್ರಾ ಥೇನ್. ಪೆನ್ನು ಅಲ್ಲೇ ನಿಂತಿತು.

"ನಿಮ್ಮಪ್ಪನ ಹೆಸರು?"

"ಆರಿನ್. ಹುಟ್ಟಿ ಬೆಳೆದಿದ್ದು ಇದೇ ಎಲ್ಕೊ ಊರಲ್ಲಂತೆ. ಆಮೇಲೆ ರೀನೋಗೆ ಹೋದ್ರು. ಅಮ್ಮ ಹೋದ್ಮೇಲೆ ನಾನೇ ಕರ್ಕೊಂಡ್ ಬಂದೆ. ಆರು ತಿಂಗಳಾಯ್ತು."

ಆರು ತಿಂಗಳು. ನನ್ನ ಅಂಗಡಿಯಿಂದ ಎರಡು ಮೈಲಿ... ನನಗೆ ಅವನು ಗೊತ್ತು ಅಂತ ಹೇಳಲಿಲ್ಲ.

ರಟ್ಟಿನ ಚೌಕಗಳಲ್ಲಿ ನಲವತ್ತಾರು ನಾಣ್ಯ. ಪ್ರತಿಯೊಂದರ ಮೇಲೂ ಅವನ ಕೈಬರಹ, ಬಲಕ್ಕೆ ವಾಲಿದ್ದು. ತಳದಲ್ಲಿ ಒಂದು ಬಿಡಿ ನಾಣ್ಯ.

"ಅದೊಂದು ಬೋಳು ನಾಣ್ಯ ಮೇಡಂ. ಜೇಬಲ್ಲೇ ಇಟ್ಕೊಂಡಿದ್ರು. ಇಪ್ಪತ್ತು ಡಾಲರ್‌ಗಿಂತ ಹೆಚ್ಚು ಬೆಲೆಬಾಳೋದು ಅಲ್ಲಿ ಯಾರೂ ಇಟ್ಕೊಳ್ಳೋ ಹಾಗಿಲ್ಲ, ರೂಲ್ಸು. ಇದರ ಬೆಲೆ ಗೊತ್ತಿಲ್ವಲ್ಲ, ಅದಕ್ಕೇ ತಗೊಂಡ್ ಬಂದ್ಬಿಟ್ಟೆ."

ಅದೇ ದಿನ, ಸಂಜೆ 6:30

ಬಾಗಿಲು ಹಾಕಿ ಆ ಬೋಳು ನಾಣ್ಯವನ್ನು ದೀಪದ ಕೆಳಗೆ ಇಟ್ಟೆ. ಅದರ ಮೇಲಿನ ಹೆಂಗಸಿನ ಮುಖ ಪೂರ್ತಿ ಅಳಿಸಿದೆ. ಇಸವಿ 1884, ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಹಿಂದೆ ಹದ್ದು ಇನ್ನೂ ಇದೆ, ಅದರ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು. ಅಂಚಿನಲ್ಲಿ ಒಂದು ನಗ್ಗು.

ಆ ನಗ್ಗು ನನ್ನದು.

1978. ಆರಿನ್‌ನ ಹುಟ್ಟಿದಹಬ್ಬ. ನನಗಾಗ ಇಪ್ಪತ್ತೈದು ವರ್ಷ, ಬೇಕರಿಯಲ್ಲಿ ಕೆಲಸ, ಮದುವೆಯಾದರೆ ಅವನನ್ನೇ ಅಂತಿದ್ದೆ. 1884ರ, ಆ ಟಂಕಸಾಲೆಯ ಡಾಲರ್ ಸವೆದದ್ದಾದರೆ ಎಲ್ಲಿ ಬೇಕಾದರೂ ಸಿಗುತ್ತದೆ. ಸವೆಯದ್ದು ಸಿಗುವುದೇ ಇಲ್ಲ. ಅವನ ಹತ್ತಿರ ಸವೆಯದ್ದಿತ್ತು. ಅಜ್ಜ ಕೊಟ್ಟದ್ದು. ಮಂಕಾಗಿದೆಯಲ್ಲ ಪಾಪ ಅಂತ ನಾನು ಬೇಕರಿಯ ಸೋಡಾ ಹಾಕಿ ಚೆನ್ನಾಗಿ ತಿಕ್ಕಿದೆ. ಕೈಜಾರಿ ಕಬ್ಬಿಣದ ಸಿಂಕಿನ ಅಂಚಿಗೂ ಬಿತ್ತು. ಒರೆಸಿ, ರಿಬ್ಬನ್ ಕಟ್ಟಿ ಕೊಟ್ಟೆ.

"ಬ್ರೆಡ್ಡಿನ ಬೆಲೆ ಬಿಟ್ಟು ನಿಂಗಿನ್ನೇನು ಗೊತ್ತು?" ಅಂದ.

"ಹಾಗಾದ್ರೆ ಆ ನಾಣ್ಯಾನೇ ಕಟ್ಕೋ ಹೋಗು" ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ರೀನೋಗೆ ಹೋದ. ನಾನು ಕೆಡಿಸಿದ್ದು ಏನು ಅಂತ ತಿಳಿದುಕೊಳ್ಳಲು ಈ ಅಂಗಡಿಯ ಹಳೆಯ ಯಜಮಾನರ ಹತ್ತಿರ ಕೆಲಸಕ್ಕೆ ಸೇರಿದೆ. ತಿಳಿಯಿತು. ಹೊತ್ತು ಮೀರಿತ್ತು.

ಅಕ್ಟೋಬರ್ 9, ಬುಧವಾರ

ತೂಕ ಹಾಕಿದೆ. ಟಂಕಸಾಲೆಯಿಂದ ಹೊರಟಾಗ ಇಪ್ಪತ್ತಾರು ಮುಕ್ಕಾಲು ಗ್ರಾಂ ಇರುತ್ತದೆ. ಇದು ಇಪ್ಪತ್ತನಾಲ್ಕೂವರೆ. ತಕ್ಕಡಿ ಕೆಟ್ಟಿರಬೇಕು ಅಂತ ಬೇರೆ ನಾಣ್ಯ ಇಟ್ಟು ನೋಡಿದೆ. ಕೆಟ್ಟಿಲ್ಲ.

ಪೆಟ್ಟಿಗೆಯಲ್ಲಿಟ್ಟ ಬೆಳ್ಳಿ ಸವೆಯುವುದಿಲ್ಲ. ಒಂದು ಮಗ್ಗುಲಷ್ಟೇ ಹೀಗೆ ನುಣ್ಣಗಾಗಬೇಕಾದರೆ ಹೆಬ್ಬೆರಳು ಬೇಕು. ದಿನಾ. ವರ್ಷಗಟ್ಟಲೆ. ಎಸೆದಿರುತ್ತಾನೆ ಅಂದುಕೊಂಡಿದ್ದೆ ನಾನು.

ಎರಡು ಗ್ರಾಂಗಿಂತ ಹೆಚ್ಚು. ಅಂಗಡಿಯಲ್ಲಿ ಕೂತು ಅತ್ತೆ. ಗಿರಾಕಿ ಬಂದಾಗ ಶೀತ ಅಂದೆ.

ಅಕ್ಟೋಬರ್ 15, ಮಂಗಳವಾರ

ಕೆಂಡ್ರಾ ಬಂದಿದ್ದಳು. ನಲವತ್ತಾರಕ್ಕೂ ಬೆಲೆ ಬರೆದು ಕೊಟ್ಟೆ. ಖುಷಿಪಟ್ಟಳು.

"ಆ ಬೋಳು ಇದ್ಯಲ್ಲ?"

"ಬೆಳ್ಳಿಯ ಬೆಲೆ ಅಷ್ಟೇ. ಹನ್ನೆರಡು ಡಾಲರ್."

"ಅಯ್ಯೋ, ನೀವೇ ಇಟ್ಕೊಳ್ಳಿ ಮೇಡಂ. ಇಷ್ಟು ಶ್ರಮ ತಗೊಂಡಿದೀರಿ."

ಬೆಲೆ ಕಟ್ಟಿದ ಡಬ್ಬದಿಂದ ಒಂದನ್ನೂ ತೆಗೆದುಕೊಳ್ಳಬಾರದು, ಅದು ಈ ಕಸುಬಿನ ನೀತಿ. ನಲವತ್ತು ವರ್ಷ ಪಾಲಿಸಿದ್ದೇನೆ. ಇವತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಬಾಗಿಲ ಹತ್ತಿರ ತಿರುಗಿ ಅಂದಳು: "ಅಪ್ಪಂಗೆ ಒಂದು ವಿಚಿತ್ರ ಅಭ್ಯಾಸ ಶುರುವಾಗಿದೆ. ಬಲಗೈ ಜೇಬಲ್ಲಿ ಹಾಕಿ ಹುಡುಕ್ತಾನೇ ಇರ್ತಾರೆ. ಬಟ್ಟೆ ಹರಿದೇ ಹೋಯ್ತು. ತುರಿಕೆ ಅಂತ ನರ್ಸ್ ಮುಲಾಮು ಹಚ್ತಾ ಇದಾರೆ."

ತುರಿಕೆ ಅಲ್ಲ ಕಣಮ್ಮ ಅನ್ನಬೇಕಿತ್ತು.

ಅಕ್ಟೋಬರ್ 24, ಗುರುವಾರ

ಒಂಬತ್ತು ದಿನ. ಏನೂ ಬರೆದಿಲ್ಲ. ನಾಣ್ಯ ನನ್ನ ಜೇಬಲ್ಲೇ. ನನ್ನ ಹೆಬ್ಬೆರಳು ಅವನ ಹೆಬ್ಬೆರಳು ಸವೆಸಿದ ಗುಂಡಿಯಲ್ಲಿ ಸರಿಯಾಗಿ ಕೂರುತ್ತದೆ. ನಲವತ್ತೊಂದು ವರ್ಷ ನನಗೆ ಅಂತ ಏನೂ ಬಂದಿರಲಿಲ್ಲ. ಇದು ಬಂತು. ಇಟ್ಟುಕೊಂಡರೆ ಯಾರು ಕೇಳುತ್ತಾರೆ?

ಅಲ್ಲಿ ಅವನು ಬರೀ ಜೇಬು ತಡಕುತ್ತಿದ್ದಾನೆ.

ಕೆಂಡ್ರಾಗೆ ಫೋನ್ ಮಾಡಿದೆ. ನಿಮ್ಮಪ್ಪ ಹುಡುಕುತ್ತಿರುವುದು ಇದನ್ನೇ, ಅವರು ನನಗೆ ಮೊದಲಿಂದ ಗೊತ್ತು ಅಂದೆ. "ನೀವೇ ಕೊಡಿ" ಅಂದಳು.

ಅಕ್ಟೋಬರ್ 25, ಶುಕ್ರವಾರ

ಅಂಗಡಿಯ ಕಾಗದದ ಮೇಲೆ ಬರೆದು, ಮೊಹರು ಒತ್ತಿದೆ: ಡಾಲರ್ ನಾಣ್ಯ, ಒಂದು. ತೊಳೆದದ್ದು, ಅಂಚು ನಗ್ಗಿದ್ದು, ಮುಖ ಸವೆದದ್ದು. ಸಂಗ್ರಹಯೋಗ್ಯವಲ್ಲ. ಬೆಲೆ ಹನ್ನೆರಡು ಡಾಲರ್. ಒಂದಕ್ಷರ ಸುಳ್ಳಿಲ್ಲ. ಆರೈಕೆ ಮನೆಯ ನರ್ಸ್ ಓದಿ, ಇಪ್ಪತ್ತರೊಳಗೇ ಇದೆಯಲ್ಲ, ಕೊಡಿ ಅಂದಳು.

ಆರಿನ್ ಕಿಟಕಿಯ ಹತ್ತಿರ ಕೂತಿದ್ದ. ತಲೆ ಪೂರ್ತಿ ಬಿಳಿ. ಕೈ ಜೇಬಲ್ಲಿ. ನನ್ನ ಮುಖ ನೋಡಿದ, ಗುರುತಿಲ್ಲ. ನಾಣ್ಯ ಅಂಗೈಯಲ್ಲಿಟ್ಟೆ. ಹೆಬ್ಬೆರಳು ತಾನಾಗಿ ಹೋಗಿ ಗುಂಡಿಯಲ್ಲಿ ಕೂತಿತು. ಭುಜ ಇಳಿಯಿತು.

"ಇದನ್ನ ಸೋಡಾ ಹಾಕಿ ತೊಳೀಬೇಡಿ ಮೇಡಂ" ಅಂದ.

"ಇಲ್ಲ."

"ಒಬ್ಳು ತೊಳೆದ್ಲು. ನನ್ನ ಹುಟ್ಟಿದಹಬ್ಬಕ್ಕೆ ಅಂತ. ಬೈದ್ಬಿಟ್ಟೆ. ಬೈಬಾರದಿತ್ತು."

ಎದುರಿದ್ದ ಕುರ್ಚಿ ಹತ್ತಿರ ಎಳೆದೆ.

"ಕೂತ್ಕೊಳ್ಳಿ. ಅವ್ಳು ಬರೋ ಹೊತ್ತಾಯ್ತು. ನಾಲ್ಕಕ್ಕೆ ಬೇಕರಿ ಮುಚ್ತಾರೆ."

ಕೂತೆ. ಐದಾಯಿತು. ಬಾಗಿಲ ಕಡೆಯೇ ನೋಡುತ್ತಿದ್ದ.

"ಇವತ್ತು ಬರ್ಲಿಲ್ಲ" ಅಂದ.

"ನಾಳೆ ಬರ್ತಾಳೆ" ಅಂದೆ.

ಅಕ್ಟೋಬರ್ 26, ಶನಿವಾರ, ಮಧ್ಯಾಹ್ನ 3:40

ಗಿರಾಕಿಗಳಿಲ್ಲ. ಇದ್ದರೂ ಕಳಿಸುತ್ತಿದ್ದೆ. ನಾಲ್ಕಕ್ಕೆ ಸರಿಯಾಗಿ ಬಾಗಿಲ ಬೋರ್ಡು ತಿರುಗಿಸಿ, ದಾರಿಯಲ್ಲಿ ಬಿಸಿ ಬ್ರೆಡ್ಡು ಕೊಂಡು, ಆಗ ಕಟ್ಟುತ್ತಿದ್ದ ಹಾಗೆ ಕೂದಲನ್ನು ಹಿಂದಕ್ಕೆ ಕಟ್ಟಿ, ಬೇಕರಿಯವಳು ನಾನೇ ಅಂತ ಅವನ ಬಾಗಿಲಲ್ಲಿ ನಿಲ್ಲುತ್ತೇನೆ.