ಮೂರು ಗೆರೆ ಪೆಟ್ರೋಲು

ತೇನಿ,
ಜೂನ್ ೧೪, ೨೦೨೫, ಶನಿವಾರ

ಪ್ರೀತಿಯ ತಂಗಿ ಮೇಗಲೈಗೆ,

ನಿನ್ನ ಅಣ್ಣ ತಂಗವೇಲ್ ಬರೆಯುತ್ತಿರುವ ಕಾಗದ. ಹೆಸರು ನೋಡಿದ ಕೂಡಲೇ ಮಡಿಸಿಡಬೇಡ. ಹೇಗಿದ್ದೀಯ? ಬೆನ್ನುನೋವಿಗೆ ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಶೀಶೆ ಕಿಟಕಿಯ ಮೇಲೆ ಒಣಗುತ್ತಿದೆಯಾ? ಮಗು ಯಾಳಿನಿಗೆ ಹಲ್ಲು ಎಷ್ಟಾದವು? ಕಿವಿ ಚುಚ್ಚಿದ ಜಾಗ ಕೀವಾಗದೆ ಒಣಗಿತೇ? ಇಷ್ಟನ್ನೂ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾಲ್ಕು ತಿಂಗಳಿಂದ ನನ್ನ ನಂಬರಿಗೆ ನಿನ್ನ ಫೋನು ಒಂದು ಸಲ ಟುಂಯ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ. ಕಲೈಸೆಲ್ವಿ ಮಾಡಿದರೆ ಮಾತ್ರ ಎತ್ತುತ್ತೀಯ. ಅತ್ತಿಗೆಯ ಜೊತೆ ಅರ್ಧ ಗಂಟೆ ಮಾತು, ಹಿಂದೆ ನಾನು ಕೆಮ್ಮಿದ ಸದ್ದು ಕೇಳಿದರೆ 'ಅಕ್ಕಿ ಬೇಯಾಕಿಟ್ಟಿವ್ನಿ ಅತ್ಗೆ' ಎಂದು ಇಟ್ಟುಬಿಡುತ್ತೀಯ. ನನ್ನ ಕೆಮ್ಮಿಗೆ ನಿಮ್ಮ ಮನೆಯಲ್ಲಿ ಇಲ್ಲಿಯವರೆಗೆ ಬೆಂದ ಅಕ್ಕಿಯಲ್ಲಿ ಒಂದು ಮದುವೆಯ ಪಂಕ್ತಿ ಏಳಿಸಬಹುದಿತ್ತು.

ಕನ್ನಡ ಅಕ್ಷರದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಆಡುವುದು ನಮ್ಮ ಕನ್ನಡ ಮಾತೇ ಆದರೂ ಓದುವುದು ತಮಿಳು. ನಿನ್ನ ಅತ್ತೆ ವೆಳ್ಳೈಯಮ್ಮಾಳ್ ಅವರೋ, ಕರೆಂಟ್ ಬಿಲ್ಲನ್ನೂ ಮೊದಲು ತಾವೇ ಒಡೆದು ನೋಡುವವರು. ಅಪ್ಪ ಕೊಳ್ಳೇಗಾಲದ ರೇಷ್ಮೆ ಕಾರ್ಖಾನೆಯಲ್ಲಿ ದುಡಿದ ವರ್ಷಗಳಲ್ಲಿ ನಾನು ಎಂಟನೆಯ ಕ್ಲಾಸಿನವರೆಗೆ, ನೀನು ಮೂರರವರೆಗೆ ಕಲಿತ ಈ ಅಕ್ಷರ ಇಷ್ಟು ದಿನ ಯಾರ ಹೊಟ್ಟೆಯನ್ನೂ ತುಂಬಲಿಲ್ಲ. ಇವತ್ತಾದರೂ ಬೀಗದ ಕೆಲಸಕ್ಕೆ ಬರಲಿ. ಒತ್ತಕ್ಷರ ತೊಡಕಾದರೆ ಬಾಯಿಬಿಟ್ಟು ಓದಿಕೋ, ಅತ್ತೆ ತರಕಾರಿ ಮಂಡಿಗೆ ಹೋಗಿರುವಾಗ.

ವಿಷಯಕ್ಕೆ ಬರುತ್ತೇನೆ. ಸಾಕ್ಷಿ ಸಿಕ್ಕಿದೆ. ಸೀಲು ಹಾಕಿದ ಸಾಕ್ಷಿ. ಪೊಂಗಲ್ ಕಳೆದ ತೈ ತಿಂಗಳ ಆ ಭಾನುವಾರ ನಾನು ಬೇಕೆಂದು ತಡಮಾಡಲಿಲ್ಲ, ನನ್ನ ಹೊಸ ಮೋಟಾರ್‌ಬಂಡಿಯ ಪೆಟ್ರೋಲ್ ಮೀಟರೇ ನನಗೆ ಮೋಸ ಮಾಡಿತು ಎಂಬುದಕ್ಕೆ ಶೋರೂಮಿನವರು ಕೈಯಾರೆ ಬರೆದುಕೊಟ್ಟಿದ್ದಾರೆ. ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಅದು ಇಂಗ್ಲಿಷಿನಲ್ಲಿದೆ, ಅತ್ತೆಯ ಮುಂದೆ ಭಾವನಿಂದ ಓದಿಸು.

ಆ ದಿನ ನಡೆದದ್ದನ್ನು ನೀನು ನನ್ನ ಬಾಯಿಂದ ಕೇಳಲೇ ಇಲ್ಲ, ಈಗ ಕೇಳು. ಹನ್ನೊಂದು ವರ್ಷ ಕಾದು ಹುಟ್ಟಿದ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ, ಕೂರಬೇಕಾದ್ದು ತಾಯಿಮಾವನಾದ ನನ್ನ ಮಡಿಲಿನಲ್ಲಿ, ಮುಹೂರ್ತ ಒಂಬತ್ತರಿಂದ ಹತ್ತೂವರೆ. ಏಳೂಕಾಲಿಗೆ ನಾವು ತೇನಿ ಬಿಟ್ಟೆವು. ಕಲೈಸೆಲ್ವಿಯ ತೊಡೆಯ ಮೇಲೆ ತವರಿನ ಉಡುಗೊರೆಯ ಸೀರಿನ ತಟ್ಟೆ, ಅದರಲ್ಲಿ ಸೀರೆ, ಮಗುವಿನ ಪಾವಡೆ, ಚಿನ್ನದ ಓಲೆ. ನನ್ನ ಮುಂದೆ ಟ್ಯಾಂಕಿನ ಮೇಲೆ ಒಂದು ಪೂರಾ ಬಾಳೆಗೊನೆ. ಬಸ್ಸಿನಲ್ಲಿ ಬರಬಹುದಿತ್ತು ಎಂದು ನೀನು ಹೇಳುವೆ. ಇಪ್ಪತ್ತು ವರ್ಷ ಬಾಳೆಎಲೆ ಕಟ್ಟನ್ನು ಸೈಕಲ್ಲಿನಲ್ಲಿ, ಆಮೇಲೆ ಮೂವರ ಕೈ ದಾಟಿ ಬಂದ ಮೊಪೆಡ್ಡಿನಲ್ಲಿ, ಕಂಬಮ್ಮಿನಿಂದ ಚಿನ್ನಮನೂರಿನವರೆಗೆ ತೋಟತೋಟಕ್ಕೆ ಅಲೆದು ಹೊತ್ತು ಹೋಟೆಲುಗಳಿಗೆ ಹಾಕಿದವನು, ಜನ್ಮದಲ್ಲಿ ಮೊದಲ ಸಲ ಹೊಸ ಬಂಡಿ ತೆಗೆದು ಅದನ್ನು ತಂಗಿಯ ಮನೆಯ ಬಾಗಿಲಲ್ಲಿ ನಿಲ್ಲಿಸದಿದ್ದರೆ ಇನ್ನೆಲ್ಲಿ ನಿಲ್ಲಿಸಲಿ?

ದೇವದಾನಪಟ್ಟಿ ದಾಟಿ ಎರಡು ಮೈಲಿ ಹೋಗಿರಬೇಕು, ಬಂಡಿ ಎರಡು ಸಲ ಬಿಕ್ಕಿ ನಿಂತಿತು. ಮೀಟರಿನಲ್ಲಿ ಆರಕ್ಕೆ ಮೂರು ಗೆರೆ, ಅಂದರೆ ಅರ್ಧ ಟ್ಯಾಂಕು. ಕಲೈಸೆಲ್ವಿ ಇಳಿದವಳೇ 'ಮುಚ್ಳ ತಗ್ದು ಒಳ್ಗೆ ನೋಡಿ' ಎಂದಳು. 'ಮೂರು ಗೆರೆ ಐತಲ್ಲೇ, ಕಣ್ ಕಾಣಕಿಲ್ವಾ?' ಎಂದೆ. ಹಳೆಯ ಮೊಪೆಡ್ಡಿಗೆ ಮೀಟರೇ ಇರಲಿಲ್ಲ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು, ಬಂಡಿ ಅಲುಗಿಸಿ, ಚಳಕ್ ಎಂಬ ಸದ್ದಿನಲ್ಲೇ ಇವತ್ತು ಉತ್ತಮಪಾಳ್ಯಕ್ಕೆ ಹೋಗಿ ಬರಬಹುದೇ ಎಂದು ಹೇಳುತ್ತಿದ್ದವನು ನಾನು. ಯಾವ ವ್ಯಾಪಾರಿಯ ತಕ್ಕಡಿಯನ್ನೂ ನಂಬದವನು ಗಾಜಿನೊಳಗೆ ಮಿನುಗುವ ಮೂರು ಗೆರೆಯನ್ನು ನಂಬಿದೆ. ಪ್ಲಗ್ಗು ಬಿಚ್ಚಿ ಒರೆಸಿದೆ. ಬ್ಯಾಟರಿ ವೈರು ಅಲ್ಲಾಡಿಸಿದೆ. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಒಂದು ಒತ್ತು, ನಾಲ್ಕು ಒತ್ತು ಎಂದು ಒತ್ತಿಸಿ, ಸಂಗೀತ ಕೇಳಿಸಿ, ಕೊನೆಗೊಬ್ಬ ಹುಡುಗಿ 'ಪೆಟ್ರೋಲ್ ಇರುಕಾ ಸಾರ್?' ಎಂದಳು. 'ಅರ್ಧ ಟ್ಯಾಂಕ್ ಇದೆಯಮ್ಮಾ' ಎಂದೆ, ಗರ್ವದಿಂದ. ಹಾಗಾದರೆ ಇಂಜಿನ್ ತೊಂದರೆ ಎಂದು ಬರೆದುಕೊಂಡಳು. ಹತ್ತರ ಸುಮಾರಿಗೆ ಅವರು ಕಳಿಸಿದ ಮೆಕ್ಯಾನಿಕ್ ಬಂದ, ಮುತ್ತಯ್ಯ ಎಂಬ ಹಲ್ಲಿಲ್ಲದ ಮುದುಕ. ಉಪಕರಣದ ಚೀಲ ಕೆಳಗಿಡಲೂ ಇಲ್ಲ. ಮುಚ್ಚಳ ತೆಗೆದು ಬಂಡಿ ಅಲುಗಿಸಿ, ಕಿವಿಗೊಟ್ಟು ಕೇಳಿ, 'ತಂಬೀ, ಒಳಗೆ ಗಾಳಿ ಮಾತ್ರ ಐತೆ' ಎಂದ. ಕಲೈಸೆಲ್ವಿ ನನ್ನನ್ನು ನೋಡಲಿಲ್ಲ, ಬಾಳೆಗೊನೆಯನ್ನು ನೋಡಿದಳು.

ಮುತ್ತಯ್ಯ ತಂದುಕೊಟ್ಟ ಪೆಟ್ರೋಲ್ ಹಾಕಿ ನಾವು ನಿಮ್ಮ ಒಡ್ಡನ್‌ಛತ್ರಂ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಮಗುವನ್ನು ನಿನ್ನ ನಾದಿನಿಯ ಗಂಡನ ಮಡಿಲಲ್ಲಿ ಕೂರಿಸಿ ಕಿವಿ ಚುಚ್ಚಿ ಆಗಿತ್ತು. ಚುಚ್ಚಿದ ಆಸಾರಿ ತನ್ನ ಸೂಜಿ ಕಟ್ಟಿಕೊಂಡು ಪಾಯಸ ಕುಡಿಯುತ್ತಿದ್ದ. ನಿನ್ನ ಅತ್ತೆ ಇಡೀ ಚಪ್ಪರಕ್ಕೆ ಕೇಳುವಂತೆ 'ಸೀರು ಕೊಡಾಕೆ ಮನ್ಸಿಲ್ಲದ ಮಾವನ ಬಂಡೀಲಿ ಪೆಟ್ರೋಲೂ ಇರಕಿಲ್ಲ ಬುಡು' ಎಂದರು. ಅದನ್ನು ಸಹಿಸಿಕೊಂಡೆ. ನೀನು ಕಲೈಸೆಲ್ವಿಯ ಕೈಯಿಂದ ತಟ್ಟೆ ಇಸಿದುಕೊಂಡು, ನನ್ನ ಕೈಯ ಬಾಳೆಗೊನೆ ಬಿಟ್ಟು ಒಳಗೆ ಹೋದೆಯಲ್ಲ, ಅದನ್ನು ಸಹಿಸಲಾಗಲಿಲ್ಲ. ಆಮೇಲೆ ಕಲೈಸೆಲ್ವಿ ಹೇಳಿದಳು, ಅವತ್ತಿನಿಂದ ನೀನು ಹಾಲು ಕಾದಿದೆ ಎಂದರೂ, ಬಟ್ಟೆ ಒಣಗಿದೆ ಎಂದರೂ ಅತ್ತೆ 'ನಿಮ್ಮಣ್ಣ ಬಂದಂಗಾ?' ಎಂದು ಕೇಳುತ್ತಾರಂತೆ. ಅದನ್ನು ಕೇಳಿದ ದಿನವೇ ತೀರ್ಮಾನಿಸಿದೆ, ಈ ಮೀಟರನ್ನು ಬಿಡಬಾರದು.

ಬಂಡಿಗೆ ಐದು ವರ್ಷ ವಾರಂಟಿ. ವಾರಂಟಿ ಎಂದರೆ ಏನೆಂದು ನನಗೆ ಈಗ ತಿಳಿದಿದೆ: ನೀನು ಹೋಗುತ್ತಿರಬಹುದು, ಅವರು ಕೂರಿಸುತ್ತಿರುತ್ತಾರೆ. ಮೊದಲ ಸಲ ಹೋದಾಗ ಸರ್ವೀಸ್ ನೋಡಿಕೊಳ್ಳುವ ಮುತ್ತುಕುಮಾರ್, ಇಸ್ತ್ರಿ ಮಾಡಿದ ನಗುವಿನ ಹುಡುಗ, ಬಂಡಿಯನ್ನು ಸಂಜೆಯವರೆಗೆ ಇಟ್ಟುಕೊಂಡು ತೊಳೆದು ಕೊಟ್ಟ. ಮೀಟರಿನ ಗಾಜಿಗೆ ಪಾಲಿಶ್ ಹಾಕಿದ್ದರಿಂದ ಸುಳ್ಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಎರಡನೆಯ ಸಲ ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದರು. ಗಡಿಯಾರ ಹನ್ನೆರಡಕ್ಕೆ ಹೋಯಿತು, ಗೆರೆ ಮೂರರಲ್ಲೇ ಉಳಿಯಿತು. ಮೂರನೆಯ ಸಲ ಬಂಡಿಯ ಜೊತೆ ಕೊಟ್ಟ ಪುಸ್ತಕ ತೆರೆದು, ಇರುವೆಯಷ್ಟು ಸಣ್ಣ ಅಕ್ಷರ ತೋರಿಸಿ, 'ಅಂದಾಜು ಮಾತ್ರ ಅಂತ ಬರೆದಿದೆ ಸಾರ್' ಎಂದ. ಎಲೆಯ ಕಟ್ಟನ್ನು ಕೈಯಲ್ಲೆತ್ತಿ ನೂರಕ್ಕೆ ಎರಡು ಕಮ್ಮಿ ಎನ್ನುವವನು ನಾನು. 'ತಂಬಿ, ಅದು ಅಂದಾಜು. ಬರಿದಾದ ಟ್ಯಾಂಕನ್ನು ಅರ್ಧ ಎನ್ನುವುದು ಅಂದಾಜಲ್ಲ' ಎಂದೆ. ನಾಲ್ಕನೆಯ ಸಲ ಇನ್ನೂ ಚೆಂದ. ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದಾನೆ, ಹಾಗಾಗಿ ವಾರಂಟಿ ನಡೆಯದು ಎಂದರು. ಯಾರು ಆ ಹೊರಗಿನವನು? ಮುತ್ತಯ್ಯ! ಅವರೇ ಕಳಿಸಿದ ಮುತ್ತಯ್ಯ! ಆತ ಬಿಚ್ಚಿದ್ದು ಏನು? ಪೆಟ್ರೋಲ್ ಹಾಕುವ ಮುಚ್ಚಳ! 'ಹಾಗಾದರೆ ಬಂಕಿನವರೆಲ್ಲ ಹೊರಗಿನವರೇ, ದಿನಾ ಕೈ ಹಾಕುತ್ತಾರೆ, ಅವರ ಮೇಲೂ ಬರೆದುಕೊಳ್ಳಿ' ಎಂದೆ. ಬಂಡಿ ಬಿಡಲು ಬಂದ ಗಿರಾಕಿಗಳು ನಕ್ಕರು. ಮುತ್ತುಕುಮಾರ್ ನಗಲಿಲ್ಲ, ನನಗೆ ಟೀ ತರಿಸಿದ. ಟೀ ಬಂದಾಗಲೇ ಗೊತ್ತಾಯಿತು, ಗೆಲ್ಲುತ್ತಿದ್ದೇನೆ ಎಂದು.

ಆಮೇಲೆ ನೋಟ್‌ಪುಸ್ತಕ ಹಿಡಿದೆ. ನಲವತ್ತೊಂದು ದಿನ. ಹಾಕಿದ ಲೀಟರು, ಓಡಿದ ಕಿಲೋಮೀಟರು, ತೋರಿಸಿದ ಗೆರೆ, ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡಿದ ಅಳತೆ. ಬರೆಯುತ್ತ ಬರೆಯುತ್ತ ಬಂಡಿಯ ಕಳ್ಳಾಟ ಹಿಡಿದೆ: ಸಮನೆಲದಲ್ಲಿ ಅದು ಸತ್ಯವಂತ. ಶೋರೂಮಿನ ಟೈಲ್ಸ್ ಮೇಲಂತೂ ಮಹಾ ಸತ್ಯವಂತ. ಹಳ್ಳಕೊಳ್ಳದ ರಸ್ತೆಯಲ್ಲಿ ಭಾರ ಹೊತ್ತು ಕುಲುಕಿದರೆ ಮಾತ್ರ ಗೆರೆ ಇದ್ದಲ್ಲೇ ಕೂತುಬಿಡುತ್ತದೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಮದುರೈಯಿಂದ ಕಂಪನಿಯ ಇಂಜಿನಿಯರ್ ಬರುವವರೆಗೆ ಎಲೆ ಕಟ್ಟುಗಳ ಸಮೇತ ಇಲ್ಲೇ ಕೂರುತ್ತೇನೆ ಎಂದೆ. ಈ ಬುಧವಾರ ಬಂದಳು, ನಿನಗಿಂತ ಚಿಕ್ಕವಳು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಾಲ್ಕು ತಿಂಗಳಲ್ಲಿ ನಾನು ಹೇಳಿದ್ದನ್ನು ಪೂರ್ತಿ ಕೇಳಿದ ಮೊದಲ ಜೀವ ಅವಳು. ಹಿಂದೆ ಎರಡು ಕಟ್ಟು ಹೇರಿಸಿಕೊಂಡು ತಾನೇ ಪೆರಿಯಕುಳಂ ಕಡೆ ಓಡಿಸಿಕೊಂಡು ಹೋಗಿ, ಬಂಡಿಯನ್ನು ತಳ್ಳಿಕೊಂಡು ಬಂದಳು. ಮೂರು ಗೆರೆ! ಮುತ್ತುಕುಮಾರ್ ಮುಖ ನೋಡಬೇಕಿತ್ತು. ಟ್ಯಾಂಕು ಬಿಚ್ಚಿ, ಒಳಗೆ ತೇಲುವ ಬೆಂಡಿನ ಕಡ್ಡಿ ಬೆಸುಗೆಯ ಅಂಚಿಗೆ ಸಿಕ್ಕಿಕೊಳ್ಳುವುದನ್ನು ಬೆರಳಿಟ್ಟು ತೋರಿಸಿದಳು. ಹೊಸದನ್ನು ಹಾಕಿಕೊಟ್ಟರು.

ನನಗೆ ಬೇಕಾಗಿದ್ದದ್ದು ಹೊಸ ಕಡ್ಡಿಯಲ್ಲ. 'ತೈ ತಿಂಗಳಲ್ಲೂ ಹೀಗೇ ಇತ್ತು ಎಂದು ಬರೆಯಿರಿ' ಎಂದೆ. 'ಯಾರಿಗೆ ಸಾರ್ ತೋರಿಸಬೇಕು, ಕೋರ್ಟಿಗಾ?' ಎಂದ ಮುತ್ತುಕುಮಾರ್. 'ಅದಕ್ಕಿಂತ ಮೇಲಿನದು. ತಂಗಿಯ ಅತ್ತೆಗೆ' ಎಂದೆ. ಇಂಜಿನಿಯರ್ ಹುಡುಗಿ ನಕ್ಕು, 'ಬಂಡಿ ಕೊಂಡ ದಿನದಿಂದ ಇದ್ದ ದೋಷ' ಎಂದು ಒಂದು ಸಾಲು ಸೇರಿಸಿ ರುಜು ಹಾಕಿದಳು. ಸೀಲನ್ನು ನಾನೇ ಒತ್ತಿಸಿಕೊಂಡೆ, ಎರಡು ಸಲ.

ಇನ್ನು ನಿನ್ನ ಅತ್ತೆ ಏನು ಹೇಳುತ್ತಾರೋ ನೋಡೋಣ. ಜೆರಾಕ್ಸ್ ಓದಿಸಿದ ಮೇಲೂ ಅವರು ಬಾಯಿ ಮುಚ್ಚದಿದ್ದರೆ ಮೂಲಪ್ರತಿಯನ್ನೇ ಗಾಜಿನ ಕಟ್ಟು ಹಾಕಿಸಿ ತರುತ್ತೇನೆ. ಭಾವನಿಗೆ ನನ್ನ ವಂದನೆ. ಮಗುವಿನ ನೆತ್ತಿಗೆ ಮಾವನ ಹೆಸರಿನಲ್ಲಿ ಒಂದು ಮುತ್ತು. ನೂರು ಕಾಲ ಚೆನ್ನಾಗಿರು ತಾಯಿ.

ಇಂತು ನಿನ್ನ ಅಣ್ಣ,
ತಂಗವೇಲ್

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಕಲೈಸೆಲ್ವಿ ಬಂದು, ಏನು ಬರೆದಿರಿ, ಓದಿ ಹೇಳಿ ಎಂದಳು. ಅವಳಿಗೆ ಈ ಅಕ್ಷರ ಬಾರದು, ಓದಿದೆ. ಎಲ್ಲ ಕೇಳಿ 'ಸೆಂಪಟ್ಟಿ ಇಸ್ಯ ಎಲ್ಲೈತೆ?' ಎಂದಳು. ಅಂಚೆ ಡಬ್ಬಿ ಮೂರೂವರೆಗೆ ತೆಗೆಯುತ್ತಾರೆ, ಬೇಗ ಬರೆದುಬಿಡುತ್ತೇನೆ. ಎಂಟೂವರೆಗೆ ನೀನು ಫೋನು ಮಾಡಿದಾಗ ಬತ್ತಲಗುಂಡು ದಾಟಿದೆ ಎಂದೆ. ಒಂಬತ್ತೂಕಾಲಿಗೆ 'ಸೆಂಪಟ್ಟಿ ದಾಟ್ದೆ ಕಣವ್ವ, ಬಂದೇ ಬುಟ್ಟೆ' ಎಂದೆ. ಹತ್ತಕ್ಕೆ 'ಊರೊಳಕ್ಕೆ ಬಂದೆ, ಆಸಾರಿನ ಕೂರ್ಸು' ಎಂದೆ. ಮೂರು ಸಲವೂ ನಾನು ದೇವದಾನಪಟ್ಟಿಯಾಚೆ, ಬಂಡಿ ನಿಂತ ಹುಣಸೆಮರದ ಕೆಳಗೇ ಇದ್ದೆ. ಸೀರು ಹೊತ್ತ ಮಾವ ರಸ್ತೆಬದಿಯಲ್ಲಿ ಪ್ಲಗ್ಗು ಒರೆಸುತ್ತಿದ್ದಾನೆ ಎಂದು ನಿಮ್ಮ ಮನೆಯವರಿಗೆ ತಿಳಿಯಬಾರದಿತ್ತು. ನೀನು ನನ್ನ ಮಾತನ್ನು ಹಾಗೇ ಚಪ್ಪರದಲ್ಲಿ ಹೇಳಿದೆ, ಮುಹೂರ್ತ ಮೀರುವವರೆಗೆ ಎಲ್ಲರನ್ನೂ ಕೂರಿಸಿದೆ. ಅದಕ್ಕೇ ಅತ್ತೆ ನಿನ್ನ ಮಾತಿಗೆಲ್ಲ 'ನಿಮ್ಮಣ್ಣ ಬಂದಂಗಾ?' ಎನ್ನುವುದು. ಎಂಟೂವರೆಗೆ ನಿಜ ಹೇಳಿದ್ದರೆ ಭಾವ ಕಾರು ಕಳಿಸುತ್ತಿದ್ದರು, ಮಗು ನನ್ನ ಮಡಿಲಲ್ಲೇ ಕೂರುತ್ತಿತ್ತು. ಆ ಜೆರಾಕ್ಸನ್ನು ಅತ್ತೆಗೆ ತೋರಿಸಬೇಡ, ಹರಿದುಹಾಕು. ಇಪ್ಪತ್ತೆರಡರ ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ಬರುತ್ತೇನೆ. 'ಸುಳ್ಳು ಹೇಳಿದ್ದು ಅವಳಲ್ಲ, ನಾನು' ಎಂದು ಅತ್ತೆಯೆದುರು ನಾನೇ ಹೇಳಿ ಹೋಗುತ್ತೇನೆ, ನೀನು ಕಾಫಿ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ದಾರಿಯಲ್ಲಿ ಎಲ್ಲಿದ್ದೀಯ ಅಣ್ಣಾ ಎಂದು ಫೋನು ಮಾಡು. ಎಲ್ಲಿದ್ದೇನೋ ಅದನ್ನೇ ಹೇಳುತ್ತೇನೆ.