ಮದರ್‌ಬೋರ್ಡಿನ ಬೆಲೆ ಇಳಿಯುವವರೆಗೆ

ಜುಲೈ ೧೪, ಭಾನುವಾರ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ನೀನು ಡ್ರೈವರ್ ಕೈಯಲ್ಲಿ ಹಳೆಯ ಕಂಪ್ಯೂಟರ್ ಕಳಿಸಿ ತಿಂಗಳಾಗುತ್ತಾ ಬಂತು. ತಲುಪಿತು ಎಂದು ಒಂದು ಮಾತು ಹೇಳಲಿಲ್ಲವಲ್ಲ ಎಂದು ನಿನಗೆ ಬೇಸರವಾಗಿರಬಹುದು. ಕ್ಷಮಿಸು. ಫೋನು ಎತ್ತಿಕೊಂಡಾಗಲೆಲ್ಲ ಇವರು ಎದುರಿಗೇ ಓಡಾಡುತ್ತಿರುತ್ತಾರೆ. ಇವರ ವಿಷಯವನ್ನು ಇವರ ಮುಂದೆಯೇ ಹೇಳುವುದು ಹೇಗೆ? ಅದಕ್ಕೇ ಈ ಕಾಗದ. ಹಾಸ್ಟೆಲಿನಿಂದ ನೀನು ಬರೆಯುತ್ತಿದ್ದ ಕಾಗದಗಳಷ್ಟು ಕಾಗುಣಿತದ ತಪ್ಪು ಇದರಲ್ಲಿ ಇರಲಾರದು. ಅತ್ತಿಗೆಯ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಲು ಹೇಳು, ಕೇಳುವುದಿಲ್ಲ ಎಂದು ಗೊತ್ತಿದ್ದರೂ ಹೇಳು.

ನಮ್ಮ ಮನೆಯ ಸುದ್ದಿ ಎಂದರೆ ಮದರ್‌ಬೋರ್ಡಿನ ಸುದ್ದಿ, ಬೇರೇನಿಲ್ಲ. ನಿನ್ನ ಪ್ರೆಸ್ಸಿನಲ್ಲಿ ಡಿಟಿಪಿ ವಿಭಾಗ ಮುಚ್ಚಿ ಇವರು ಮನೆಗೆ ಬಂದ ಮೇಲೆ, "ಕಡಿಮೆ ಖರ್ಚಲ್ಲಿ ಒಂದು ಕಂಪ್ಯೂಟರ್ ಜೋಡಿಸ್ಕೋತೀನಿ, ಪುಟ ವಿನ್ಯಾಸದ ಕೆಲಸ ಹೊರಗಿಂದ ಹಿಡೀತೀನಿ" ಎಂದರು. ಒಳ್ಳೆಯದೇ ಎಂದೆ. ಮಗಳು ಗುಬ್ಬಿ ತನ್ನ ಕಾಲೇಜಿನ ಗೆಳತಿಯೊಬ್ಬಳಿಂದ ಹಳೆಯ ಪ್ರೊಸೆಸರ್ ಒಂದನ್ನು ಅಗ್ಗಕ್ಕೆ ತಂದುಕೊಟ್ಟಳು. ತೊಂದರೆ ಶುರುವಾದದ್ದೇ ಅಲ್ಲಿಂದ. ಆ ಕಾಲದ ಪ್ರೊಸೆಸರ್ ಬೇಕಾದಷ್ಟು ಸಿಗುತ್ತದಂತೆ, ಆದರೆ ಅದು ಕೂರುವ ಮದರ್‌ಬೋರ್ಡನ್ನು ಈಗ ಯಾರೂ ತಯಾರಿಸುವುದಿಲ್ಲ. ಅಂಗಡಿಗಳಲ್ಲಿ ಉಳಿದಿರುವ ನಾಲ್ಕಾರರ ಮೇಲೆ ಎಲ್ಲರ ಕಣ್ಣು. ಹೀಗಾಗಿ ಪ್ರೊಸೆಸರಿಗಿಂತ ಅದು ಕೂರುವ ಬೋರ್ಡೇ ದುಬಾರಿ. ಮೂರು ಕಾಸಿನ ಕೋಳಿಗೆ ಆರು ಕಾಸಿನ ಮಸಾಲೆ ಎಂದು ನಾನು ನಕ್ಕೆ. ಇವರು ನಗಲಿಲ್ಲ.

ಬೆಳಗ್ಗೆ ಹಲ್ಲುಜ್ಜುತ್ತಲೇ ಫೋನಿನಲ್ಲಿ ಬೆಲೆ ನೋಡುವುದು. "ಇಳಿದಿದೆ, ಇನ್ನೂ ಇಳಿಯುತ್ತೆ, ತಡಿ." ಮರುದಿನ ಏರಿರುತ್ತದೆ. "ಛೆ, ನಿನ್ನೆ ತಗೋಬೇಕಿತ್ತು." ಮತ್ತೆ ಇಳಿದರೆ ಮತ್ತೆ "ತಡಿ." ಊಟದ ಮೇಜಿನ ಮೇಲೆ ಕ್ಯಾಬಿನೆಟ್ಟು, ಪವರ್ ಸಪ್ಲೈ, ಫ್ಯಾನು, ರ‍್ಯಾಮ್ ಎಲ್ಲ ಗಂಡು ಬಾರದ ಮದುವೆಮನೆಯ ನೆಂಟರ ಹಾಗೆ ಮುಖ ಮುಖ ನೋಡಿಕೊಂಡು ಕೂತಿವೆ. ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಇವರು ಅದಕ್ಕೂ ಕೂರುವುದಿಲ್ಲ. ಎರಡು ತುತ್ತು ತಿಂದು ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕಾಲು ಸುಟ್ಟ ಬೆಕ್ಕು! ಕೊನೆಗೆ ಚಪ್ಪಲಿ ಮೆಟ್ಟಿಕೊಂಡು "ಮಾರ್ಕೆಟ್ ಕಡೆ ಹೋಗ್ಬರ್ತೀನಿ" ಎಂದು ಹೊರಡುವುದು, ಬರಿಗೈಯಲ್ಲಿ ಬರುವುದು. ನಾನು ಕಣ್ಣಿನ ಆಸ್ಪತ್ರೆಯಲ್ಲಿ ಇಡೀ ದಿನ ರೋಗಿಗಳಿಗೆ ಚೀಟಿ ಬರೆದು ಸುಸ್ತಾಗಿ ಬಂದರೆ, ಮನೆಯಲ್ಲಿ ಕೂತಲ್ಲಿ ಕೂರಲಾಗದ ಈ ಮನುಷ್ಯ. ನನಗೂ ಈಗ ನಿದ್ದೆಯಲ್ಲಿ ಕಾಲು ಆಡಿಸುವ ಅಭ್ಯಾಸ ಹತ್ತಿದೆ ಎನ್ನುತ್ತಾಳೆ ಗುಬ್ಬಿ.

ಇಷ್ಟರಲ್ಲಿ ನಿನ್ನ ಡ್ರೈವರ್ ಬಂದ. "ಇದರಿಂದ ಬೋರ್ಡ್ ಬಿಚ್ಕೋಬೇಕಂತೆ, ಸುಮ್ನೆ ಯಾಕೆ ಖರ್ಚು ಅಂದ್ರು ಯಜಮಾನ್ರು" ಎಂದು ನಡುಮನೆಯಲ್ಲಿ ಇಳಿಸಿದ. ನನಗೆ ಕಣ್ಣು ತುಂಬಿ ಬಂತು, ಅಣ್ಣ. ಅದು ಇವರೇ ಅಷ್ಟು ವರ್ಷ ಕೂತು ಕೆಲಸ ಮಾಡಿದ ಕಂಪ್ಯೂಟರ್ ಎಂದು ತಿಳಿದದ್ದು, ಬದಿಗೆ ಗುಬ್ಬಿ ಚಿಕ್ಕವಳಿದ್ದಾಗ ಅಂಟಿಸಿದ್ದ ಮೀನಿನ ಚಿತ್ರ ನೋಡಿದ ಮೇಲೆ. ಗುಬ್ಬಿ ಸ್ಕ್ರೂ ಬಿಚ್ಚಿ ನೋಡಿ, "ಅಮ್ಮಾ, ಇದು ಇನ್ನೂ ಹಳೇದು. ನಮ್ಮ ಪ್ರೊಸೆಸರ್ ಇದ್ರಲ್ಲಿ ಕೂರಲ್ಲ, ರ‍್ಯಾಮ್ ಕೂಡ ಹಿಡಿಯಲ್ಲ" ಎಂದಳು.

ಇವರು ಬಾಗಿಲಲ್ಲೇ ನಿಂತಿದ್ದರು. "ಮುಚ್ಚು ಅದನ್ನ. ವಾಪಸ್ ಕಳಿಸ್ಬಿಡಿ."

"ಬೋರ್ಡ್ ಹೊಂದದಿದ್ರೆ ಬೇಡ, ಬೇರೆ ಏನಾದ್ರೂ ಉಪಯೋಗಕ್ಕೆ ಬರುತ್ತಲ್ಲ?" ಎಂದೆ ನಾನು.

"ಭಾವನ ವಸ್ತು ಭಾವನಿಗೇ ಹೋಗ್ಲಿ."

ನನಗೆ ರೇಗಿತು. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ! ಅಣ್ಣ ಪಾಪ ನೆನಪಿಟ್ಟು ಕಳಿಸಿದ್ದಾನೆ, ನಿಮಗ್ಯಾಕೆ ಇಷ್ಟು ಬಿಂಕ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಚಪ್ಪಲಿ ಮೆಟ್ಟಿಕೊಂಡರು.

ಅಂದಿನಿಂದ ಇವರ ಓಡಾಟ ಇಮ್ಮಡಿಯಾಯಿತು. ಗುರುವಾರ ತಡೆಯಲಾರದೆ ಅರ್ಧ ದಿನ ರಜೆ ಹಾಕಿ, ಗುಬ್ಬಿಯನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೋದೆ. ಒಂದು ಅಂಗಡಿಯಾಕೆ, ನನ್ನದೇ ವಯಸ್ಸು, ಬೋರ್ಡು ತೆಗೆದು ತೋರಿಸಿದಳು. ರ‍್ಯಾಮಿಗೆ ಎರಡೇ ಜಾಗ ಇರುವ ಚಿಕ್ಕದು. ಬೆಲೆ ಕೇಳಿ, "ಇಷ್ಟು ಸಣ್ಣದಕ್ಕೆ ಇಷ್ಟಾ?" ಎಂದೆ.

"ಎಲ್ಲಾ ಕಡೆ ಉಳಿಸಿ ಅಕ್ಕ, ಬೋರ್ಡಲ್ಲಿ ಉಳಿಸ್ಬೇಡಿ. ತಾಯಿ ಸೊರಗಿದ್ರೆ ಮಕ್ಕಳೆಲ್ಲ ಅಳ್ತಾವೆ" ಎಂದು ನಕ್ಕಳು. ಆಮೇಲೆ ಪ್ರೊಸೆಸರಿನ ಹೆಸರು ಕೇಳಿ ಹುಬ್ಬೇರಿಸಿದಳು. "ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಬರ್ತಾರಲ್ಲ, ಅವ್ರು ನಿಮ್ಮನೆಯವ್ರಾ? ದಿನಾ ಬಂದು ಕೇಳ್ತಾರೆ. ಮೊನ್ನೆ ಪಾಪ ಅನ್ಸಿ, ನಾನು ತಂದ ಬೆಲೆಗೇ ಕೊಡ್ತೀನಿ ತಗೊಳ್ಳಿ ಸಾರ್ ಅಂದೆ. ಗಾಬರಿ ಬಿದ್ದವ್ರ ಹಾಗೆ ಎದ್ದು ಹೋದ್ರು."

ನಾನೂ ಗುಬ್ಬಿಯೂ ಮುಖ ಮುಖ ನೋಡಿಕೊಂಡೆವು. ಇದು ಬೆಲೆಯ ಮಾತಲ್ಲ ಎಂದು ನನಗೆ ಆಗ ಹೊಳೆಯಿತು. ಬೋರ್ಡು ಕೊಂಡು ಮನೆಗೆ ಬಂದು, ಇವರ ಕೈಯಲ್ಲೇ ಇಟ್ಟು ಕೇಳಿದೆ: "ಏನು ನಿಮ್ಮ ಭಯ? ಇವತ್ತು ಹೇಳಲೇಬೇಕು."

ಬೋರ್ಡಿನ ಡಬ್ಬಿಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಹೇಳಿದರು: "ಇದು ರೆಡಿ ಆದ್ರೆ ಕೆಲಸ ಕೇಳ್ಕೊಂಡು ಹೋಗ್ಬೇಕು. ಹೋದ ಕಡೆ ಎಲ್ಲರೂ ಕೇಳೋದು ಒಂದೇ: ಸ್ವಂತ ಭಾವನ ಪ್ರೆಸ್ಸು, ಯಾಕೆ ಬಿಟ್ರಿ? ಏನಂತ ಹೇಳ್ಲಿ?"

"ವಿಭಾಗ ಮುಚ್ಚಿದ್ರು ಅನ್ನಿ. ನಿಜಾನೇ ತಾನೆ?"

"ಹ್ಞೂಂ" ಎಂದರು. ಅಷ್ಟೇ.

ಆದರೂ ಜೋಡಿಸಿದರು, ಅಣ್ಣ. ಪ್ರೊಸೆಸರನ್ನು ಮೊದಲ ಸಲ ತೊಟ್ಟಿಲಿಗೆ ಮಗು ಹಾಕುವವರ ಹಾಗೆ ಇಳಿಸಿದರು. ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಇವರ ಮುಖವೂ ಹಾಗೇ ಆಯಿತು. ಗುಬ್ಬಿ ರ‍್ಯಾಮ್ ತೆಗೆದು ಇನ್ನೊಂದು ಜಾಗದಲ್ಲಿ ಟಕ್ಕೆಂದು ಕೂರಿಸಿದಳು. ಪರದೆ ಬೆಳಗಿತು. ಇವರು ಕುರ್ಚಿ ಎಳೆದು ಕೂತರು. ಎಷ್ಟೋ ದಿನಗಳ ಮೇಲೆ ಆ ಮನುಷ್ಯ ಕೂತದ್ದು ನೋಡಿದೆ.

ನಮ್ಮ ಬೀದಿಯ ಪಶುವೈದ್ಯೆ ನಾಯಿ ಸಾಕುವವರಿಗೆಂದು ಒಂದು ಪುಟ್ಟ ಪುಸ್ತಕ ಮಾಡಿಸಬೇಕೆಂದಿದ್ದರು. ನಿನ್ನೆ ನಾನೇ ಇವರನ್ನು ಅಲ್ಲಿಗೆ ದಬ್ಬಿದೆ, ಕೆಲಸ ಹಿಡಿದು ಬಂದರು. ಈಗ ಪಕ್ಕದ ಕೋಣೆಯಲ್ಲಿ ಅದೇ ನಡೆಯುತ್ತಿದೆ. ನಡುನಡುವೆ ಏಳುತ್ತಾರೆ, ಕಿಟಕಿಗೆ ಹೋಗುತ್ತಾರೆ. ಆದರೆ ಮತ್ತೆ ಬಂದು ಕೂರುತ್ತಾರೆ.

ಇವರು ಹಟ ಬಿಡುತ್ತಿಲ್ಲವಾದ್ದರಿಂದ ನೀನು ಕಳಿಸಿದ್ದನ್ನು ಇವತ್ತು ಮಧ್ಯಾಹ್ನ ಡ್ರೈವರ್ ಬಂದಾಗ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡ. ನಿನ್ನ ಮನಸ್ಸು ನನಗೆ ಗೊತ್ತು. ಇವರ ಬಿಗುಮಾನ ಕರಗಲು ಸ್ವಲ್ಪ ಕಾಲ ಬೇಕು, ನಾನೇ ತಿದ್ದುತ್ತೇನೆ.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಈ ಅತ್ತೆಯ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ. ನೀನು ಮಳೆಯಲ್ಲಿ ಹೆಚ್ಚು ತಿರುಗಬೇಡ.

ನಿನ್ನ ಪ್ರೀತಿಯ
ತಂಗಿ

ಮರೆತ ಮಾತು: ಅಂಟಿಸಿದ್ದ ಲಕೋಟೆ ಒಡೆದು ಇದನ್ನು ಬರೆಯುತ್ತಿದ್ದೇನೆ. ಡ್ರೈವರ್ ಹೊರಗೆ ಕಾಯುತ್ತಿದ್ದಾನೆ. ಕಂಪ್ಯೂಟರ್ ಎತ್ತಿಕೊಳ್ಳುವಾಗ ಅವನು, "ಬೇಡ ಅಂತಾರೆ ಅಂತ ನನಗೆ ಆವತ್ತೇ ಗೊತ್ತಿತ್ತಮ್ಮಾ. ಗೇಟಲ್ಲಿ ಹಾಗೆ ಆದ್ಮೇಲೆ ಯಾರು ತಾನೇ ತಗೋತಾರೆ" ಎಂದುಬಿಟ್ಟ. ನಾನು ಬಿಡದೆ ಕೇಳಿದೆ. ಅವನ ಮೇಲೆ ಕೋಪ ಮಾಡಬೇಡ.

ಕೊನೆಯ ದಿನ ಇವರು ಹೊರಡುವಾಗ, "ಯಜಮಾನ್ರು ಹೇಳಿದ್ದಾರೆ" ಎಂದು ಕಾವಲುಗಾರ ಇವರ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಸುರಿಸಿದನಂತೆ. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದನಂತೆ. ನೀನು ಮೇಲೆ ಕಿಟಕಿಯಲ್ಲಿ ನಿಂತಿದ್ದೆಯಂತೆ. ಇವರು ಇಷ್ಟು ದಿನವಾದರೂ ನನಗೆ ಒಂದಕ್ಷರ ಹೇಳಲಿಲ್ಲ. ಹೇಳಿದರೆ ನನಗೆ ಅಣ್ಣ ಇಲ್ಲವಾಗುತ್ತಾನೆ ಎಂದಿರಬೇಕು. ನಾನು ಮಾತ್ರ ನಿನ್ನ ಪರವಾಗಿ ಇವರಿಗೆ ತಿಂಗಳಿಡೀ ಬೈದೆ.

ಮೇಲೆ ಬರೆದದ್ದನ್ನೆಲ್ಲ ಹರಿಯೋಣವೆನಿಸಿತು. ಹರಿಯುವುದಿಲ್ಲ. ಇವತ್ತು ಬೆಳಗ್ಗೆಯವರೆಗೆ ನಿನ್ನನ್ನು ಏನೆಂದುಕೊಂಡಿದ್ದೆ ಎಂದು ನೀನು ಓದಬೇಕು.

ಆ ಊಟದ ಡಬ್ಬಿ ಕಟ್ಟಿಕೊಟ್ಟವಳು ನಾನು, ಅಣ್ಣ. ಅದರಲ್ಲಿ ಏನು ಸಿಗುತ್ತದೆ ಎಂದುಕೊಂಡಿದ್ದೆ ನೀನು?