ಚಿನ್ನದ ಅಂಚಿನ ಗೂಡು

ಏಪ್ರಿಲ್ 6, ಬೆಳಗ್ಗೆ

ನೀರು ಬದಲಿಸಿದೆ, ಕಾಳು ಹಾಕಿದೆ. ನೀಲಿ ಗಂಡು ಎಂದಿನಂತೆ ಹಾಡುತ್ತಿದೆ, ಹಳದಿ ಹೆಣ್ಣು ಕ್ಯಾರೇ ಅನ್ನುತ್ತಿಲ್ಲ. ಪುಟ್ಟಿ ಇನ್ನೂ ಎದ್ದಿಲ್ಲ. ನನ್ನ ಹಾಸಿಗೆ, ನನ್ನ ಹೊದಿಕೆ, ನನ್ನ ಮೊಮ್ಮಗಳು... ಬರೆಯುವುದಕ್ಕೂ ಖುಷಿ.

ಮಗಳ ಮನೆಗೆ ಪೇಂಟ್ ಹೊಡೆಸುತ್ತಿದ್ದಾರೆ. ಆ ವಾಸನೆ ಬಡ್ಜಿ ಗಿಳಿಗಳಿಗೆ ಆಗದು ಅಂತ ಪಂಜರ ಇಲ್ಲಿಗೆ ಬಂತು. ಪಂಜರದ ಹಿಂದೆಯೇ ಪುಟ್ಟಿ. ಪೇಂಟ್ ಮುಗಿದ ದಿನ ಎರಡೂ ವಾಪಸ್. ಅಲ್ಲಿ ಕೆಳಮನೆಯಲ್ಲಿ ಬೀಗಿತ್ತಿ ಕಾದು ಕೂತಿರುತ್ತಾಳೆ. ಅಳಿಯನ ತಾಯಿ, ಪುಟ್ಟಿಯ 'ಕೆಳಗಿನಜ್ಜಿ'. ನಾನು 'ಫ್ರೇಮಜ್ಜಿ'— ಮೂವತ್ತು ವರ್ಷ ಊರವರ ಫೋಟೋಗಳಿಗೆ ಕಟ್ಟು ಹಾಕಿದ್ದಕ್ಕೆ ಸಿಕ್ಕ ಬಿರುದು. ವರ್ಷವಿಡೀ ಮಗು ಅವಳಿಗೆ. ನನಗೆ ಭಾನುವಾರ ಮಾತ್ರ. ಯಾವ ಸೀಮೆ ನ್ಯಾಯ?

ಏಪ್ರಿಲ್ 7

ಹಕ್ಕಿ ಅಂಗಡಿಗೆ ಹೋಗಿದ್ದೆ. ಫೋನಿನಲ್ಲಿ ಹಳದಿಯ ಫೋಟೋ ತೋರಿಸಿದೆ.

"ಮೂಗಿನ ಬುಡ ಕಂದು ಆಗಿದೆಯಲ್ಲ, ಮೊಟ್ಟೆಗೆ ರೆಡಿ ಇದು" ಅಂದ ಅಂಗಡಿಯವ. "ಗೂಡಿನ ಪೆಟ್ಟಿಗೆ ಕಟ್ಟಿ. ಆದ್ರೆ ಒಂದ್ಸಲ ಮೊಟ್ಟೆ ಇಟ್ಟ ಮೇಲೆ ಪಂಜರ ಅಲ್ಲಾಡಿಸ್ಬೇಡಿ. ಮರಿ ಹಾರೋವರೆಗೂ ಇದ್ದಲ್ಲೇ ಇರ್ಬೇಕು."

"ಎಷ್ಟು ದಿನ?"

"ಎರಡು ತಿಂಗಳು ಅಂದ್ಕೊಳ್ಳಿ."

ಎರಡು ತಿಂಗಳು! ಪುಟ್ಟಿಯ ರಜೆ ಅಷ್ಟೂ! ಪಂಜರ ಇಲ್ಲಿದ್ದರೆ ಅವಳೂ ಇಲ್ಲೇ. ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ.

ಪೆಟ್ಟಿಗೆಗಳನ್ನು ತೋರಿಸಿದ. ಪ್ಲಾಸ್ಟಿಕ್ಕಿನದು ಸೋಪಿನ ಡಬ್ಬಿ ಥರ. ಪ್ಲೈವುಡ್ಡಿನದಕ್ಕೆ ಮೂಲೆಗಳೆಲ್ಲ ಬಾಯಿ ಬಿಟ್ಟಿವೆ. ಇವನ್ನು ದುಡ್ಡು ಕೊಟ್ಟು ತರಲೇ? ನನ್ನ ಕೈಗೇನಾಗಿದೆ?

ಏಪ್ರಿಲ್ 9

ಮುಗಿಯಿತು. ಮೂಲೆಗಳಲ್ಲಿ ಕೂದಲೂ ತೂರದು. ಮುಂಭಾಗಕ್ಕೆ ಉಳಿದಿದ್ದ ಚಿನ್ನದ ಬಣ್ಣದ ಪಟ್ಟಿ. ಹಿಂದೆ ಗಾಜು, ಪುಟ್ಟಿ ಮರಿ ನೋಡಲಿ ಅಂತ. ಒಳಗೆ ಕತ್ತಲಿರಲಿ, ತಳದಲ್ಲಿ ಗುಳಿ ಇರಲಿ ಅಂದಿದ್ದ ಅಂಗಡಿಯವ. ಆದರೆ ಗಾಜಿಲ್ಲದ ಕಟ್ಟೂ ಒಂದು ಕಟ್ಟೇ? ಅಷ್ಟು ನಯವಾಗಿ ಉಜ್ಜಿದ ತಳವನ್ನು ತೋಡಲು ಮನಸ್ಸಾದರೂ ಹೇಗೆ ಬರುತ್ತದೆ?

"ಅರಮನೆ ಥರ ಇದೆ ಫ್ರೇಮಜ್ಜಿ!" ಅಂದಳು ಪುಟ್ಟಿ.

ಏಪ್ರಿಲ್ 13

ಹಳದಿ ಅರಮನೆಯ ಕಡೆ ತಲೆ ಹಾಕಿಯೂ ಮಲಗಿಲ್ಲ. ಕೊಬ್ಬು.

ಸಂಜೆ ಅಳಿಯ ಬಂದ. ಕೈಯಲ್ಲಿ ಚೀಲ. ಚೀಲದಲ್ಲಿ ಬೀಗಿತ್ತಿ ಮಾಡಿದ ಗೂಡು! ಪುಟ್ಟಿ ಫೋನಿನಲ್ಲಿ ಅರಮನೆಯ ಸುದ್ದಿ ಹೇಳಿದ್ದಳಂತೆ. ಜನ್ಮದಲ್ಲಿ ಸುತ್ತಿಗೆ ಹಿಡಿದವಳಲ್ಲ, ಬ್ಯಾಂಕಿನಲ್ಲಿ ನೋಟು ಎಣಿಸಿ ನಿವೃತ್ತಿಯಾದವಳು. ಹಳೇ ಮೇಜಿನ ಡ್ರಾಯರಿಗೆ ಮುಚ್ಚಳ ಬಡಿದಿದ್ದಾಳೆ. ತೂತು ಆಲೂಗಡ್ಡೆಯ ಆಕಾರ. ತಳದ ಗುಳಿ ಚಮಚದಲ್ಲಿ ಕೆರೆದ ಹಾಗಿದೆ. ನೋಡಿ ನಗು ಬಂತು. ಆಮೇಲೆ ನಗು ಬರಲಿಲ್ಲ— ಪುಟ್ಟಿ ಅದನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಎರಡೂ ಕಟ್ಟೋಣ. ಹಳದಿ ಯಾವುದಕ್ಕೆ ಹೋಗತ್ತೋ ಆ ಅಜ್ಜಿ ಗೆದ್ರು!"

ಪಂಜರದ ಆ ಬದಿಗೊಂದು, ಈ ಬದಿಗೊಂದು ಕಟ್ಟಿದೆವು. ಮಕ್ಕಳಾಟ. ಆದರೂ ಊಟ ಸೇರಲಿಲ್ಲ.

ಏಪ್ರಿಲ್ 15, ಮಧ್ಯಾಹ್ನ

ಪುಟ್ಟಿ ಈಜು ಕಲಿಯಲು ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬಳೇ. ಕರಕರ ಸದ್ದು... ಹೋಗಿ ನೋಡಿದರೆ ಹಳದಿ ಆ ಆಲೂಗಡ್ಡೆ ತೂತಿನ ಅಂಚು ಕಡಿಯುತ್ತಿದೆ. ಒಳಗೆ ಹೋಯಿತು. ಹೊರಗೆ ಬಂತು. ಮತ್ತೆ ಒಳಗೆ. ಆ ಡ್ರಾಯರಿನೊಳಗೆ!

ಮೈಯೆಲ್ಲ ಉರಿಯಿತು. ಮಗಳು ಅವಳ ಸೊಸೆಯಾದಳು, 'ನಮ್ಮತ್ತೆ ನಮ್ಮತ್ತೆ' ಅಂತ ಜಪ. ಮೊಮ್ಮಗಳು ಅವಳ ಮಡಿಲಲ್ಲೇ ಬೆಳೆದಳು. ಈಗ ಹಕ್ಕಿಯೂ! ನನ್ನ ಕಸುಬಿನಲ್ಲಿ, ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ!

ಡ್ರಾಯರ್ ಕಿತ್ತು ಎಸೆದುಬಿಡಲೇ? ಎಸೆದರೆ ಮೊಟ್ಟೆ ಇಲ್ಲ. ಮೊಟ್ಟೆ ಇಲ್ಲದಿದ್ದರೆ ಪುಟ್ಟಿ ಇಲ್ಲ. ಇಟ್ಟರೆ ಪುಟ್ಟಿ ಇರುತ್ತಾಳೆ, ಎರಡು ತಿಂಗಳೂ 'ಕೆಳಗಿನಜ್ಜಿ ಗೆದ್ರು' ಅಂತ ಹಾಡುತ್ತಾ ಇರುತ್ತಾಳೆ.

ಸ್ಕ್ರೂಡ್ರೈವರ್ ಎಲ್ಲಿ?

ಅದೇ ದಿನ, ಸಂಜೆ

ಮಾಡಿಬಿಟ್ಟೆ. ಹಳದಿ ಕಾಳಿಗೆ ಇಳಿದಾಗ ಎರಡೂ ಪೆಟ್ಟಿಗೆ ಬಿಚ್ಚಿದೆ. ಎರಡರ ಮುಂಭಾಗವನ್ನೂ ಅದಲು ಬದಲು ಮಾಡಿದೆ. ನನ್ನ ಚಿನ್ನದ ಅಂಚು ಅವಳ ಡ್ರಾಯರಿಗೆ, ಅವಳ ಸೊಟ್ಟ ತೂತು ನನ್ನ ಪೆಟ್ಟಿಗೆಗೆ. ನನ್ನದರ ಗಾಜು ಕಿತ್ತು ಹಲಗೆ ಹೊಡೆದೆ. ಪಕ್ಕಗಳಿಗೆಲ್ಲ ಒಂದೇ ಬಣ್ಣದ ಕಾಗದ. ಡ್ರಾಯರ್ ಇದ್ದ ಜಾಗಕ್ಕೇ ಡ್ರಾಯರ್. ಕಟ್ಟು ಬದಲಿಸುವುದು ನನಗೆ ನೀರು ಕುಡಿದ ಹಾಗೆ.

ಹಳದಿ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿತ್ತು. ಪುಟ್ಟಿ ಬರುವ ಹೊತ್ತಿಗೆ ಸರಿಯಾಗಿ ಚಿನ್ನದ ಅಂಚಿನ ಗೂಡಿಗೆ ನುಗ್ಗಿತು.

"ಫ್ರೇಮಜ್ಜಿ! ನಿಂದೇ! ನಿಂದೇ ಗೆದ್ದಿದ್ದು!" ಕತ್ತಿಗೆ ಜೋತುಬಿದ್ದಳು. ಒದ್ದೆ ಕೂದಲು, ಈಜುಕೊಳದ ವಾಸನೆ. "ಗಾಜು ಎಲ್ಲೋಯ್ತು? ಈ ಕಡೆಗೆ ಯಾಕ್ ಬಂತು?"

"ಬೆಳಕಿಗೆ ಹೆದರತ್ತೆ ಅಂತ ತೆಗೆದೆ, ಚಿನ್ನ. ಈ ಕಡೆ ಕತ್ತಲೆ ಜಾಸ್ತಿ."

ನಾಲಿಗೆ ತಡವರಿಸಲೂ ಇಲ್ಲ. ಭಲೇ ನಾನು.

ಏಪ್ರಿಲ್ 23

ಪೇಂಟ್ ಮುಗಿಯಿತಂತೆ. ನಾಳೆ ಪಂಜರ ಒಯ್ಯಲು ಬರುತ್ತೇನೆ ಅಂದ ಅಳಿಯ. ಪುಟ್ಟಿ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬಿದಳು. ನಾನು ಹಳದಿಯ ಮುಂದೆ ಕೂತು ಬೇಡಿಕೊಂಡೆ. ನಾಚಿಕೆ ಬಿಟ್ಟು.

ಏಪ್ರಿಲ್ 24, ಬೆಳಗ್ಗೆ

ಮೊಟ್ಟೆ! ಗುಳಿಯಲ್ಲಿ, ಬಟನ್ನಿನಷ್ಟೇ ಇದೆ. ಬಿಳಿ.

ಅಳಿಯನಿಗೆ ಬರಬೇಡ ಅಂದೆ. ಪುಟ್ಟಿ ಬ್ಯಾಗ್ ಖಾಲಿ ಮಾಡಿ ಫೋನ್ ಹಿಡಿದಳು. "ಕೆಳಗಿನಜ್ಜಿ, ನೀನು ಸೋತೆ! ಫ್ರೇಮಜ್ಜಿ ಗೂಡಲ್ಲಿ ಮೊಟ್ಟೆ! ನಾನು ರಜೆ ಪೂರ್ತಿ ಇಲ್ಲೇ!"

ಸ್ಪೀಕರಿನಲ್ಲಿ ಬೀಗಿತ್ತಿಯ ದನಿ ಕುಗ್ಗಿತ್ತು. "ಹೌದಾ ಕಂದಾ? ನಾಳೆ ನೋಡೋಕೆ ಬರ್ತೀನಿ."

ಆ ಕುಗ್ಗಿದ ದನಿ ಕೇಳಿ ನನಗೆ ಎಂಥ ಸುಖ! ಆಮೇಲೆ 'ನಾಳೆ' ಅನ್ನುವುದು ತಲೆಗೆ ಹೋಯಿತು.

ಏಪ್ರಿಲ್ 25, ಸಂಜೆ

ಬಂದಳು. ಪುಟ್ಟಿಗೆ ಬಿಸ್ಕೆಟ್, ನನಗೆ ಹೂವಿನ ಗಿಡ. ಎಲ್ಲದರಲ್ಲೂ ಮುಂದೆ. ಪುಟ್ಟಿ ಕೈ ಹಿಡಿದು ಎಳೆದುಕೊಂಡು ಹೋಗಿ ಮುಚ್ಚಳ ಎತ್ತಿದಳು. ಹಳದಿ ಆಗಷ್ಟೇ ನೀರಿಗೆ ಇಳಿದಿತ್ತು. ಬೀಗಿತ್ತಿ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

ಚಮಚದಲ್ಲಿ ಕೆರೆದ ಗುಳಿ. ಮೂಲೆಯಲ್ಲಿ ಡ್ರಾಯರಿನ ಹಳೇ ಶಾಯಿಯ ಕಲೆ. ಹೊರಗೆಲ್ಲ ಕಾಗದ ಅಂಟಿಸಿದ್ದ ನನಗೆ ಒಳಗಿನದನ್ನೂ ಮರೆಮಾಚಬೇಕು ಅಂತ ಹೊಳೆದೇ ಇರಲಿಲ್ಲ. ಕಟ್ಟು ಹಾಕುವವಳಿಗೆ ಹೊರಗಿನದೇ ಲೋಕ. ಈಗ ಬಾಯಿ ಬಿಡುತ್ತಾಳೆ, ಮಗುವಿನ ಎದುರಿಗೆ ನನ್ನ ಮಾನ ಹರಾಜು...

ಎದ್ದಳು. ನನ್ನ ಮುಖ ನೋಡಿದಳು. ಪುಟ್ಟಿಯ ಮುಖ ನೋಡಿದಳು.

"ಎಷ್ಟು ಚೆನ್ನಾಗ್ ಮಾಡಿದ್ದಾಳೆ ನಿಮ್ಮಜ್ಜಿ" ಅಂದಳು. "ನಂಗೆಲ್ಲಿ ಬರತ್ತೆ ಇಂಥದ್ದು?"

ಆಮೇಲೆ ಆಚೆ ಬದಿಯ ಖಾಲಿ ಪೆಟ್ಟಿಗೆ ಬಿಚ್ಚಿಕೊಂಡಳು. "ಬೀಗಿತ್ತಿ, ನಂದು ನಾನ್ ತಗೊಂಡ್ ಹೋಗ್ತೀನಿ. ಇಲ್ಲಿ ಸುಮ್ನೆ ಜಾಗಕ್ಕೆ ದಂಡ." ಚೀಲಕ್ಕೆ ಹಾಕುವ ಮುಂಚೆ ಕಾಗದದ ಮೇಲೆಯೇ ಮೂಲೆಯನ್ನು ಹೆಬ್ಬೆರಳಲ್ಲಿ ಸವರಿದಳು. ಕೂದಲೂ ತೂರದ ಮೂಲೆ. "ಮೂಲೆ ಮಾತ್ರ ಭಾರಿ ಚೆನ್ನಾಗಿ ಕೂತಿದೆ" ಅಂದು ನಕ್ಕಳು. ಹೊರಟೇಹೋದಳು.

ಏಪ್ರಿಲ್ 26, ಬೆಳಗ್ಗೆ

ಎರಡನೇ ಮೊಟ್ಟೆ. ಪುಟ್ಟಿ ಹಾಡಿಕೊಂಡು ಹಲ್ಲುಜ್ಜುತ್ತಿದ್ದಾಳೆ. ಬೇಕೆಂದದ್ದೆಲ್ಲ ಸಿಕ್ಕಿದೆ. ಹೊಟ್ಟೆಕಿಚ್ಚು ಮಾತ್ರ ದುಪ್ಪಟ್ಟಾಗಿದೆ.

ಕೂಗಾಡಬಾರದಿತ್ತೇ ಅವಳು? ಕಳ್ಳಿ ಅನ್ನಬಾರದಿತ್ತೇ? ಒಂದಕ್ಕೆರಡು ತಿರುಗಿ ಅಂದು ಹಾಯಾಗಿರುತ್ತಿದ್ದೆ. ಮಗು ನನ್ನ ಕತ್ತಿಗೆ ಜೋತುಬಿದ್ದು ನಗಲಿ ಅಂತ ಸೋತು ಹೋದಳು. ನಾನಾಗಿದ್ದರೆ ಹಾಗೆ ಮಾಡುತ್ತಿದ್ದೆನೇ? ಇಲ್ಲ. ಸತ್ತರೂ ಇಲ್ಲ. ಅದಕ್ಕೇ ಇಷ್ಟು ಉರಿ.

"ಫ್ರೇಮಜ್ಜಿ, ಕೆಳಗಿನಜ್ಜಿಗೆ ಫೋನ್ ಮಾಡೋಣ. ಪಾಪ, ಅವ್ರ ಗೂಡು ಸೋತೋಯ್ತಲ್ಲ, ಅಳ್ತಿರ್ತಾರೆ."

ಡಯಲ್ ಮಾಡಿ ನನ್ನ ಕೈಗೇ ಕೊಟ್ಟಿದ್ದಾಳೆ. ಎದುರಿಗೇ ನಿಂತಿದ್ದಾಳೆ, ಬಾಯಲ್ಲಿ ಪೇಸ್ಟಿನ ನೊರೆ. ಒಂದು ಕೈಯಲ್ಲಿ ಪೆನ್ನು, ಒಂದು ಕಿವಿಯಲ್ಲಿ ಫೋನು. ರಿಂಗ್ ಆಗುತ್ತಿದೆ. ಗೆದ್ದದ್ದು ಅವಳ ಗೂಡೇ ಅಂತ ಹೇಳಿಬಿಡುತ್ತೇನೆ. ಇವಳು ಮುಖ ತೊಳೆಯಲು ಹೋಗಲಿ, ಹೇಳಿಬಿಡುತ್ತೇನೆ. ಇಲ್ಲ, ಇವಳ ಎದುರಿಗೇ. ಮೊದಲು— ಅಗೋ, ಎತ್ತಿದಳು.